ಬೇಗ ಕವಲೊಡೆದ ನಾಳ

ಅಪ್ಪನ ನಂತರ ಕ್ಷೌರದಂಗಡಿ ಹಿಡಿದವಳು ಅವಳೇ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಗಿರಾಕಿ ಇಲ್ಲದಾಗ ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದಳು. ಬೀದಿಯವರ ಬಾಯಲ್ಲಿ ‘ಗಡಿಬಿಡಿ ಅಕ್ಕ’.

ಒಂದು ಬೆಳಿಗ್ಗೆ ಗಿರಾಕಿಯೊಬ್ಬನ ಗಲ್ಲಕ್ಕೆ ನೊರೆ ಹಚ್ಚುತ್ತಾ ಎದುರಿನ ಕನ್ನಡಿ ನೋಡಿದವಳಿಗೆ ತನ್ನ ಕುತ್ತಿಗೆಯ ಬಲಗಡೆ ಏನೋ ಪಟಪಟ ಮಿಡಿಯುವುದು ಕಂಡಿತು. ಬೆರಳಿಟ್ಟಳು. ಎಡಗಡೆಯೂ ಇಟ್ಟಳು, ಅಲ್ಲಿ ಅಷ್ಟು ಜೋರಿರಲಿಲ್ಲ. ದಿನವಿಡೀ ಕನ್ನಡಿಯೆದುರೇ ನಿಲ್ಲುವ ಕಸುಬು, ನೋಡದೆ ಇರುವುದಾದರೂ ಹೇಗೆ? ಗಿರಾಕಿಗಳ ಕುತ್ತಿಗೆ ಸವರಿ ಹೋಲಿಸತೊಡಗಿದಳು. ನಿವೃತ್ತ ಮೇಷ್ಟ್ರೊಬ್ಬರು, "ಏನಮ್ಮಾ, ಬದನೆಕಾಯಿ ಆರಿಸೋ ಹಾಗೆ ಹಿಸುಕ್ತಿದ್ದೀಯಲ್ಲ!" ಎಂದು ರೇಗಿದರು.

ಗಂಡ ಬಸ್ ಚಾಲಕ, ನಿಧಾನಸ್ಥ. ರಜೆ ಹಾಕಿ ಅವಳನ್ನು ಸ್ಕ್ಯಾನ್‌ಗೆ ಕರೆದೊಯ್ದ. ತಣ್ಣನೆಯ ಜೆಲ್ ಹಚ್ಚಿ ಕುತ್ತಿಗೆಯನ್ನೆಲ್ಲ ಪರೀಕ್ಷಿಸಿದ ಡಾಕ್ಟರಮ್ಮ ಪರದೆಯನ್ನು ಇವಳತ್ತ ತಿರುಗಿಸಿದರು.

"ತಲೆಗೆ ರಕ್ತ ಒಯ್ಯೋ ನಾಳ ಇದು. ಸಾಮಾನ್ಯವಾಗಿ ಗಂಟಲಿನ ಮೇಲ್ಗಡೆ ಎರಡಾಗುತ್ತೆ. ನಿಮಗೆ ಬಲಗಡೆ ಕೆಳಗೇ ಕವಲೊಡೆದಿದೆ. ಒಂದು ಕವಲು ಚರ್ಮದ ಹತ್ರಕ್ಕೇ ಬಾಗಿದೆ, ಅದಕ್ಕೇ ಮಿಡಿಯೋದು ಕಾಣುತ್ತೆ."

"ಒಡೆದುಹೋಗುತ್ತಾ ಡಾಕ್ಟ್ರೇ?"

"ಇಲ್ಲಮ್ಮ. ಕಾಯಿಲೆ ಅಲ್ಲ, ಹುಟ್ಟಿನಿಂದ ಬಂದಿದ್ದು. ಎಲ್ಲರ ಮುಖ ಒಂದೇ ಥರ ಇರುತ್ತಾ? ಒಳಗೂ ಹಾಗೇ. ಮುಂದೆ ಕುತ್ತಿಗೆಗೆ ಆಪರೇಷನ್ ಏನಾದ್ರೂ ಬಂದ್ರೆ ಮಾತ್ರ ಮೊದಲೇ ಹೇಳಿ."

ಆ ‘ಮಾತ್ರ’ ಅವಳನ್ನು ಹಿಡಿದುಕೊಂಡಿತು. ಆಪರೇಷನ್ ಕತ್ತಿಗೇ ಇಷ್ಟು ಎಚ್ಚರ ಬೇಕಾದರೆ ತನ್ನ ಕತ್ತಿಗೆ? ಒಬ್ಬೊಬ್ಬರೊಳಗೂ ಒಂದೊಂದು ಥರವಾದರೆ, ಇಷ್ಟು ವರ್ಷ ತಾನು ಕತ್ತಿಯಾಡಿಸಿದ ಕುತ್ತಿಗೆಗಳಲ್ಲಿ ಯಾರ ನಾಳ ಎಲ್ಲಿ ಹಾದಿತ್ತೋ! ಕತ್ತಿ ಹಿಡಿದರೆ ಕೈ ನಡುಗಿತು. ಇನ್ನು ಕೂದಲಷ್ಟೇ, ಗಡ್ಡ ಇಲ್ಲ ಎಂದುಬಿಟ್ಟಳು. ಗಿರಾಕಿಗಳು ಗೊಣಗುತ್ತಾ ಪಕ್ಕದ ಬೀದಿಗೆ ಹೋದರು.

ಒಂದು ಸಂಜೆ ಗಂಡ ಬಂದು ಕುರ್ಚಿಯಲ್ಲಿ ಕೂತ. "ಗಡ್ಡ ಮಾಡು."

"ಕುಯ್ದುಬಿಟ್ರೆ?"

"ಮದುವೆ ಆದಾಗ್ಲಿಂದ ಮಾತಲ್ಲೇ ಕುಯ್ತಿದ್ದೀಯ, ಸತ್ತಿದ್ದೀನಾ?"

ನಗು ಬಂದರೂ ಕೈ ಹಗುರಾಗಲಿಲ್ಲ. ಉಸಿರು ಬಿಗಿಹಿಡಿದು ಗಲ್ಲ ಮುಗಿಸಿ ಗಂಟಲಿಗೆ ಬಂದಳು. ಆಗ ಸಣ್ಣಗೆ ಗೊರಕೆ ಕೇಳಿಸಿತು. ಆಸಾಮಿ ನಿದ್ದೆ ಹೋಗಿದ್ದ!

"ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ, ಈ ಮಹಾರಾಯನಿಗೆ ನಿದ್ದೆ!" ಸಿಡುಕುತ್ತಲೇ ಚರ್ಮ ಎಳೆದು ಹಿಡಿದು ಕತ್ತಿಯಾಡಿಸಿದಳು. ಸಿಟ್ಟಿನಲ್ಲಿ ನಡುಕ ಮರೆತೇಹೋಗಿತ್ತು.

ಮರುದಿನದಿಂದ ಗಡ್ಡದ ಕೆಲಸ ಮತ್ತೆ ಶುರುವಾಯಿತು. ತಳಮಳ ಪೂರ್ತಿ ಹೋಯಿತೆಂದಲ್ಲ. ತಂಗಿಗೆ ಫೋನ್ ಮಾಡಿ, "ನಿನ್ನ ಮಕ್ಕಳ ಕುತ್ತಿಗೇನೂ ಒಂದ್ಸಲ ತೋರಿಸೇ" ಎಂದು ಪೀಡಿಸುವುದಂತೂ ಇನ್ನೂ ನಿಂತಿಲ್ಲ.