ಚಕ್ರದ ಮೇಲಿಟ್ಟ ನೀರಿನ ಡಬ್ಬಿ

ಎರಕದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಾಲಿಶ್ ಅಕ್ಕ ಎನ್ನುತ್ತಿದ್ದರು. ಎರಕದ ತುಂಡನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ಸವರಿ, ತೊಳೆದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳುವುದು ಅವಳ ಕೆಲಸ. ಚಳಿಗಾಲದಲ್ಲಿ ನೀರಿಗೆ ಕೈಯಿಟ್ಟರೆ ಬೆರಳು ಮರಗಟ್ಟುತ್ತಿದ್ದವು. ಅದಕ್ಕೇ ಮರಳಿನ ಅಚ್ಚಿಗೆ ಕಬ್ಬಿಣ ಹೊಯ್ದು ಮರಳೊಳಗೇ ಆರಲು ಬಿಡುವ ಅಚ್ಚಿನ ಮನೆಯಲ್ಲಿ ದುಡಿಯುತ್ತಿದ್ದ ಗಂಡ ದಿನಾ ಒಂದು ಡಬ್ಬಿ ಬಿಸಿನೀರು ತಂದುಕೊಡುತ್ತಿದ್ದ. ಎಲ್ಲಿ ಕಾಯಿಸಿದಿರಿ ಎಂದು ಅವಳು ಕೇಳಿದವಳಲ್ಲ.

"ಪುಣ್ಯವಂತೆ ಕಣಕ್ಕ ನೀನು. ನಮ್ಮನೆ ಮಹಾರಾಯ ತಣ್ಣೀರೂ ಕೊಟ್ಟವನಲ್ಲ" ಎಂದು ಕಸ ಗುಡಿಸುವವಳು ಛೇಡಿಸುತ್ತಿದ್ದಳು.

ಆ ಚಳಿಯಲ್ಲೇ ಎರಕ ಹೊಯ್ದಿದ್ದ ದೊಡ್ಡ ಚಕ್ರವೊಂದು ತಿರುಗುತ್ತಿದ್ದಾಗ ಸಿಡಿದು, ಯಂತ್ರದ ಬಳಿ ನಿಂತಿದ್ದವನು ಅಲ್ಲೇ ಸತ್ತ. ಕಬ್ಬಿಣ ಸರಿಯಾಗಿ ಕರಗಿಸಿಲ್ಲ ಎಂಬ ದೂರು ಕುಲುಮೆಯವನ ತಲೆಗೆ ಬಂತು. ಪೊಲೀಸರು ಅವನನ್ನು ಕರೆದೊಯ್ದರು. ಒಡೆದ ತುಂಡುಗಳು ಅವಳ ಮೇಜಿಗೆ ಬಂದವು.

ಒಂದೊಂದನ್ನೇ ಉಜ್ಜಿ ನೋಡಿದಳು. ಕರಗಿದ ಕಬ್ಬಿಣ ಗಟ್ಟಿಯಾಗುವಾಗ ಮೂಡುವ ಕಪ್ಪು ಎಸಳುಗಳು ಎಲ್ಲ ತುಂಡಿನಲ್ಲೂ ಒಂದೇ ಸಮ. ಕುಲುಮೆಯವನ ತಪ್ಪಿರಲಿಲ್ಲ. ಆದರೆ ಅಂಚಿನ ಒಂದು ಕಡೆ ಎಸಳುಗಳ ನಡುವಿನ ಕಬ್ಬಿಣವೇ ಬೇರೆ ಥರ ಇತ್ತು. ಅದರೊಳಗಿನ ಗೆರೆಗಳು ಕೂದಲಿಗಿಂತ ಸಣ್ಣಗೆ, ಒತ್ತೊತ್ತಾಗಿದ್ದವು. ಗಟ್ಟಿಯಾದ ಮೇಲೆ, ಇನ್ನೂ ಕೆಂಪಗಿದ್ದಾಗ, ಅಷ್ಟು ಜಾಗ ಮಾತ್ರ ಬೇಗ ಆರಿತ್ತು. ಮರಳೊಳಗೇ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ತುಂಡುಗಳನ್ನು ಜೋಡಿಸಿ ಆ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸುತ್ತ ಹೋದಳು. ದುಂಡಗೆ ಬಂತು. ಗಂಡ ನೀರು ತರುತ್ತಿದ್ದ ಡಬ್ಬಿಯ ತಳದಷ್ಟೇ ಅಗಲ.

ಮನೆಗೆ ಬಂದು ಗಂಡನನ್ನು ಕೇಳಿದಳು: "ಚಕ್ರದ ಮೇಲಿನ ಮರಳು ಸರಿಸಿದ್ರಾ?"

ಅವನು ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ಡಬ್ಬಿ ಕೂರೋವಷ್ಟು. ಕಬ್ಬಿಣ ಗಟ್ಟಿಯಾಗಿತ್ತು ಕಣೆ. ಗಟ್ಟಿಯಾದ ಮೇಲೆ ಇನ್ನೇನಾಗುತ್ತೆ?"

"ಕೆಂಪು ಇಳಿಯೋ ತನಕ ಒಳಗೊಳಗೇ ಬದಲಾಗ್ತಾ ಇರುತ್ತೆ. ಒಂದು ಕಡೆ ಬೇಗ ಆರಿದ್ರೆ ಉಳಿದದ್ದು ಎಳೆಯುತ್ತೆ. ಜೋರಾಗಿ ತಿರುಗಿಸಿದಾಗ ಸಿಡಿಯುತ್ತೆ."

ಅವನು ಎದ್ದು ಬಾಗಿಲು ಮುಚ್ಚಿ ಬಂದ. "ಕುಲುಮೆಯವನಿಗೆ ಹಿಂದೆ ಮುಂದೆ ಯಾರಿದ್ದಾರೆ ಹೇಳು. ನನಗೆ ನೀನಿದ್ದೀಯ. ನಿನ್ನ ಕೈಗೋಸ್ಕರ ತಾನೆ ಮಾಡಿದ್ದು."

ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರುದಿನ ತುಂಡುಗಳನ್ನು ಎಂಜಿನಿಯರರ ಮುಂದಿಟ್ಟು ಕಂಡದ್ದನ್ನೆಲ್ಲ ಹೇಳಿದಳು.

"ಮರಳು ಸರಿಸಿದ್ದು ಯಾರಮ್ಮ?"

"ನಮ್ಮ ಯಜಮಾನರು ಸಾರ್. ನನಗೆ ನೀರು ಕಾಯಿಸೋಕೆ."

ಕುಲುಮೆಯವನು ಬಿಡುಗಡೆಯಾಗಿ ಬಂದ. ದಾರಿಯಲ್ಲಿ ಎದುರಾದರೂ ಅವಳನ್ನು ಮಾತಾಡಿಸಲಿಲ್ಲ. ಗಂಡ ಜೈಲಿಗೆ ಹೋದ. ನೋಡಲು ಹೋದರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಆ ಚಳಿಯೆಲ್ಲ ಅವಳು ತಣ್ಣೀರಲ್ಲೇ ತುಂಡು ತೊಳೆದಳು. ನೋಡಲಾಗದೆ ಕಸ ಗುಡಿಸುವವಳು ಒಂದು ದಿನ ಒಲೆಯ ಮೇಲೆ ಕಾಯಿಸಿದ ನೀರು ತಂದಿಟ್ಟಳು. ಅದು ಪೂರ್ತಿ ಆರುವ ತನಕ ಅವಳು ಮುಟ್ಟಲಿಲ್ಲ.