ಎಡ ಅಂಗೈ

ಇಂಡಿ ಹತ್ತಿರದ ದೊಡ್ಡ ಮನೆತನವೊಂದರ ಹಿರಿಸೊಸೆ ನಾನು. ಈ ಮನೆಯಲ್ಲಿ ನನ್ನ ಮಾತೇ ಕೊನೆ. ಬಿದ್ದು ಎಡಗೈ ಮುರಿದುಕೊಂಡಿದ್ದ ಅತ್ತೆಯ ಪ್ಲಾಸ್ಟರನ್ನು ನಿನ್ನೆ ಬಿಚ್ಚಿದರು. ಅದರೊಳಗಿನ ಮುಗ್ಗಿದ ಬೆವರಿನ ವಾಸನೆ ಮೂಗಿಗೆ ಬಡಿದದ್ದೇ, ದೇವಣಗಾಂವದ ತವರುಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಚಿಕ್ಕವಳಿದ್ದಾಗ ಪಂಚಮಿ ಜೋಕಾಲಿಯಿಂದ ಬಿದ್ದು ನನ್ನ ಎಡಗೈಯೂ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಂಗೈ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ. ಆಗಷ್ಟೇ ಲಿಂಗದೀಕ್ಷೆಯಾಗಿತ್ತು. ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ನಮ್ಮಲ್ಲಿ ಉಣ್ಣುವಂತಿಲ್ಲ. ನಾನು ಇಟ್ಟರೆ ಅದು ಜಾರುತ್ತಿತ್ತು. ಶಿವನಿಗೆ ನಾನು ಬೇಡವಾಗಿದ್ದೇನೆ ಎಂದು ನಂಬಿ ಪೂಜೆಗೆ ಕೂರುವುದನ್ನೇ ಬಿಟ್ಟೆ.

"ಬಲಗೈಯಾಗ ಇಟ್ಕೊಳ್ಳಲಿ ಬಿಡ್ರಿ ಅತ್ತಿ," ಎಂದಳು ಅವ್ವ.

ಅಪ್ಪನ ತಾಯಿ, ನಮ್ಮ ಆಯಿ, ಗದರಿದಳು. "ನೀ ಒಲಿ ನೋಡ್ ಹೋಗ. ಲೇ ಹುಡುಗಿ, ಶಿವ ಏನ್ ನಿನ್ನಂಗ ಮಾರಿ ಉಬ್ಬಿಸ್ಕೊಂಡು ಕುಂತಾನೇನ? ಕೈ ತಾ."

ದಿನಾ ಬಿಸಿ ಎಣ್ಣೆ ತಿಕ್ಕಿ, ನನ್ನ ಅಂಗೈ ಕೆಳಗೆ ತನ್ನ ಒರಟು ಅಂಗೈ ಕೊಟ್ಟು, ಮೆಲ್ಲಗೆ ತಿರುಗಿಸಿ ಲಿಂಗವಿಡುತ್ತಿದ್ದಳು.

"ಆಯಿ, ನೋಯ್ತೈತಿ!"

"ನೋಯ್ಲಿ. ಅದರಾಗ ಜೀವ ಐತಿ ಅಂತ ಗೊತ್ತಾತಲ್ಲ."

ನನ್ನ ಪೂಜೆ ಮುಗಿಯುವವರೆಗೆ ತಾನೂ ಉಣ್ಣುತ್ತಿರಲಿಲ್ಲ. ಜೋಳ ತೆನೆ ಹಿಡಿಯುವ ಹೊತ್ತಿಗೆ, ಒಂದು ಮುಂಜಾನೆ ತಲೆಯೆತ್ತಿ ನೋಡಿದರೆ ಆಯಿ ದೂರದಲ್ಲಿ ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಲಿಂಗ ನನ್ನೊಬ್ಬಳ ಅಂಗೈಯಲ್ಲೇ ಕುಳಿತಿತ್ತು.

ಈಗ ಅತ್ತೆಯ ಅಂಗೈಯೂ ಹಾಗೇ ತಿರುಗುತ್ತಿಲ್ಲ; ಕೈಯನ್ನು ದಿನಾ ಆಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಆದರೂ ಯಜಮಾನರು, "ಅವ್ವಗ ಯಾಕ ತ್ರಾಸ? ಪೂಜಾ ಸದ್ಯಕ ಬಿಡ್ಲಿ," ಎಂದರು. ಅತ್ತೆ ತಲೆ ತಗ್ಗಿಸಿದರು. ಅವರ ಪೂಜೆಯಾಗದೆ ಮನೆಯಲ್ಲಿ ಯಾರಿಗೂ ನಾಷ್ಟಾ ಇಲ್ಲವೆಂದು ಹೇಳಿ, ಇಂದು ಮುಂಜಾನೆ ಒಲೆ ಆರಿಸಿ, ಎಣ್ಣೆಯ ಬಟ್ಟಲು ಹಿಡಿದು ಅವರೆದುರು ಕುಳಿತೆ.