ಫಿಲ್ಟರಿನ ಬಾಯಿಗೆ ಕಟ್ಟದ ಚೀಲ

ಶಿವಪ್ಪ, ನಿನ್ನ ಎದೆ ಹೆಂಗಸರ ಹಾಗೆ ಉಬ್ಬಿದ್ದು ನಮ್ಮ ಕಾರ್ಖಾನೆಯ ಪುಡಿಯಿಂದ. ನನಗೆ ಗೊತ್ತಿತ್ತು. ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ — ಹತ್ತು ವರ್ಷವಾಯಿತು.

ಘಾಟ್ಕೋಪರಿನ ಆ ಔಷಧಿ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್, ನೀನು ಫಿಲ್ಟರ್ ಖಾಲಿ ಮಾಡುವವನು. ಹೆಂಗಸರ ಮಾತ್ರೆಗೆ ಹೋಗುವ ಹಾರ್ಮೋನ್ ಪುಡಿ ಅದು. ಮೈಗೆ, ಉಸಿರಿಗೆ ತಾಗಬಾರದು. ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದು, ಹೊರಗೆ ಹಾರದಂತೆ ಅದರೊಳಗೇ ಇಳಿಸಬೇಕೆಂಬುದು ನಿಯಮ. ಹಾಗೆ ಮಾಡಿದರೆ ಅರ್ಧ ದಿನ ಹಿಡಿಯುತ್ತಿತ್ತು. ನನಗೋ ಸದಾ ಅವಸರ, ಮೇಲಿನವರ ಶಹಭಾಸ್ ಬೇಕು. ಚೀಲ ಕಟ್ಟಿಸದೆ ಮುಚ್ಚಳ ತೆಗೆಸಿ, ಒಣಗಿದ ಪುಡಿಯನ್ನು ನಿನ್ನ ಕೈಯಲ್ಲಿ ಮೊಗೆಸಿದೆ. ಮೂಗಿಗೊಂದು ಕರವಸ್ತ್ರ — ಅಷ್ಟೇ. ನಿನ್ನ ಹುಬ್ಬೆಲ್ಲ ಬೆಳ್ಳಗಾಗುತ್ತಿತ್ತು, ನಾನು ಬಾಗಿಲಾಚೆ ನಿಂತಿರುತ್ತಿದ್ದೆ.

ನೀವೆಲ್ಲ ಇದ್ದ ಚಾಳಿನ ನಲ್ಲಿಯ ಹತ್ತಿರ ನೀನು ಅಂಗಿ ತೊಟ್ಟೇ ಸ್ನಾನ ಮಾಡುತ್ತೀ ಎಂದು ಉಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ... ಇದನ್ನೂ ಹೇಳಿಬಿಡಬೇಕು.

ನಿನ್ನ ಲಗ್ನಕ್ಕೆ ರಜೆ ಕೇಳಲು ಬಂದ ನೀನು ತಲೆ ತಗ್ಗಿಸಿ ನಿಂತೆ. "ಅರಿಷಿಣ ಹಚ್ಚೋವಾಗ ಎಲ್ಲಾರ ಮುಂದ ಅಂಗಿ ತಗೀಬೇಕ್ರಿ, ಸರ. ಇದು ಆ ಪುಡಿಯಿಂದ ಆಗಿದ್ದೇನ್ರಿ?"

ಅದರ ಹಿಂದಿನ ವಾರವೇ ನಾನು ಕಾರ್ಖಾನೆಯ ಡಾಕ್ಟರನ್ನು ಗುಟ್ಟಾಗಿ ಕೇಳಿದ್ದೆ. ಪುಡಿಯದೇ ಕೆಲಸ, ಅವನನ್ನು ಅಲ್ಲಿಂದ ತೆಗೆಯಿರಿ, ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ ಎಂದಿದ್ದರು. ಆದರೆ ನಿನಗೆ ಹೌದು ಎಂದಿದ್ದರೆ, ಚೀಲ ಕಟ್ಟುವುದನ್ನು ಬಿಡಿಸಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ಏನಿಲ್ಲ ಮಾರಾಯ, ಹೋಟೆಲ್ ಊಟದ ಕೊಬ್ಬು," ಎಂದೆ.

ನೀನು ಊರಿಗೆ ಹೋಗಿ ಲಗ್ನ ಬೇಡವೆಂದೆಯಂತೆ. ಕಾರಣ ಯಾರಿಗೂ ಹೇಳಲಿಲ್ಲ. ನಿನಗೆ ಗೊತ್ತಾಗಿದ್ದ ಹುಡುಗಿಯನ್ನು ನಿನ್ನ ತಮ್ಮನಿಗೆ ತಂದುಕೊಂಡರು. ಮತ್ತೆ ನೀನು ಕೆಲಸಕ್ಕೆ ಬರಲಿಲ್ಲ. ಮೊನ್ನೆ, ಯಾರನ್ನೋ ಆಸ್ಪತ್ರೆಗೆ ತೋರಿಸಲು ಬಂದವನು ಪರೇಲ್ ಸ್ಟೇಷನ್ನಿನಲ್ಲಿ ಸಿಕ್ಕಿ ನೀನೇ ನಗುತ್ತ ಹೇಳಿದೆ, "ಹೋಟೆಲ್ ಊಟ ಬಿಟ್ಟ ಆರು ತಿಂಗಳಿಗೆ ಎಲ್ಲಾ ಇಳೀತ್ರಿ, ಸರ. ನೀವಂದಿದ್ದು ಖರೇನ ಇತ್ತು ನೋಡ್ರಿ." ಮದುವೆಯಾಯಿತೇ ಎಂದು ನಾನು ಕೇಳಿದೆ. "ಇನ್ನ ಯಾರು ಕೊಡ್ತಾರ್ರಿ." ಲೋಕಲ್ ಬಂತು, ನಾನು ಹತ್ತಿಬಿಟ್ಟೆ — ಓಡಿಹೋದೆ ಎಂದರೇ ಸರಿ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ನಿನಗೆ ಓದು ಬಾರದು; ಇದನ್ನು ನಿನ್ನ ತಮ್ಮನೇ ಓದಿ ಹೇಳಬೇಕಾಗುತ್ತದೆ, ಒಳಗಿನಿಂದ ಅವನ ಹೆಂಡತಿ, ಅವಳೂ ಕೇಳಿಸಿಕೊಳ್ಳುತ್ತಾಳೆ... ಬೇಡ. ನಿನ್ನೂರಿಗೆ ನಾನೇ ವಿಜಾಪುರದ ಗಾಡಿ ಹತ್ತುತ್ತೇನೆ. ಮೊದಲು ನಿನಗೊಬ್ಬನಿಗೇ ಹೇಳುತ್ತೇನೆ. ಆಮೇಲೆ ಯಾರ ಮುಂದೆ ಹೇಳು ಎನ್ನುತ್ತೀಯೋ, ಅವರ ಮುಂದೆ.